ಸಾಕು ಅನ್ನುವವರೆಗೆ

ಊರಿನವರ ಮಾತೆಲ್ಲ ರೇಡಿಯೊ ಕೇಂದ್ರದ ಈಕ್ವಲೈಸರ್ ಎಂಬ ದನಿ ತಿದ್ದುವ ಯಂತ್ರ ಹಾದೇ ಕಿವಿಗೆ ಬೀಳುತ್ತಿದ್ದ ಕಾಲ ಅದು. ವರ್ಷಕ್ಕೊಮ್ಮೆ ಅದರ ಮಟ್ಟ ಹೊಂದಿಸುವುದು ಎಂಜಿನಿಯರ್ ವಾಗ್ದೇವಿಯ ಕೆಲಸ. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅದಕ್ಕೆ ಬೀಗ ಬಿದ್ದರೆ ಮತ್ತೆ ಬದಲಿಸುವುದು ಮುಂದಿನ ವರ್ಷವೇ.

ಗಾಜಿನಾಚೆಯಿಂದ ನಿರ್ದೇಶಕ ಫಣಿರಾಯರು ಮೈಕಿನಲ್ಲಿ ಹೇಳಿದರು: "ಜನರ ದನಿ ತೀರಾ ಚೂಪಾಯ್ತು ಅಂತ ಮೇಲಿನವರಿಗೆ ಕಿರಿಕಿರಿ. ನಾನು ಸಾಕು ಅನ್ನೋವರೆಗೂ ಟ್ರೆಬಲ್‌ಗೆ ಕತ್ತರಿ ಹಾಕ್ತಾ ಹೋಗಿ, ವಾಗ್ದೇವಿಯವರೇ."

ಅವಳು ಇಳಿಸುತ್ತ ಹೋದಳು.

"ಹಾಕು," ಎಂದಿತು ಸ್ಪೀಕರು.

ಎಂದೂ ಬಹುವಚನ ಬಿಡದ ರಾಯರು ಏಕವಚನಕ್ಕೆ ಇಳಿದರಲ್ಲ! ವಾಗ್ದೇವಿಗೆ ಮೈ ಉರಿಯಿತು.

"ಹಾಕು! ಹಾಕು!"

"ತಗೊಳ್ಳಿ ಹಾಗಾದ್ರೆ," ಎಂದು ತಳ ಮುಟ್ಟಿಸಿದಳು. ಗಂಟೆ ಹನ್ನೆರಡಾಗಿ ಬೀಗ ಬಿತ್ತು.

ತಲೆಯೆತ್ತಿದರೆ ರಾಯರು, ಬಡಿಸುವವರನ್ನು ತಡೆಯಲು ಎಲೆಗೆ ಅಡ್ಡ ಹಿಡಿಯುವಂತೆ, ಎರಡೂ ಕೈ ಚಾಚಿ ನಿಂತಿದ್ದರು. ಅವಳು ಮೆಲ್ಲಗೆ "ಸಾಕು" ಎಂದು ಹೇಳಿ ನೋಡಿದಳು. ಟ್ರೆಬಲ್ ಇಲ್ಲದೆ 'ಸ' ಸತ್ತು ಬರೀ ಉಸಿರು ಉಳಿದಿತ್ತು. ಅವಳ ಕಿವಿಗೂ ಕೇಳಿಸಿದ್ದು "ಹಾಕು".

ಎದುರಿನ ಪೊಲೀಸ್ ಠಾಣೆಯಿಂದ ಲಾಠಿಯೇಟಿನ ಸದ್ದು ಬಂತು, ಹಿಂದೆಯೇ ಏಟು ತಿನ್ನುತ್ತಿದ್ದವನ ಗೋಳು: "ಹಾಕು! ಹಾಕು!"

"ಅವನೇ ಕೇಳ್ತಾವ್ನೆ, ಬಿಡಬೇಡ್ರೋ!" ಎಂದು ಯಾರೋ ನಕ್ಕರು. ಲಾಠಿ ಜೋರಾಯಿತು.