ಅಪ್ಪನ ಕುಂಟು ಕಾಲು

ಬ್ಯಾಂಕಿನವನೆಂದು ಫೋನ್ ಮಾಡಿದವನು ನನ್ನ ಪರ್ಸೂನ್‌ನಮ್ಮರನ್ನು, ಅಂದರೆ ಮಗನ ಜೊತೆ ನಾನಿರುವ ಈ ಪರದೇಶದ ಗುರುತಿನ ಸಂಖ್ಯೆಯನ್ನು, ತಪ್ಪಿಲ್ಲದೆ ಓದಿ, ಗುಟ್ಟಿನ ಕೋಡ್ ಕೇಳಿದ. ಹೇಳಲು ಬಾಯಿ ತೆರೆದೇಬಿಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಮೋಲ್ನ್‌ಡಾಲ್‌ನ ಈ ಅಡುಗೆಮನೆಯಲ್ಲಿ ಸೊಸೆ ಬೆಲ್ಲದ ಡಬ್ಬಿ ತೆರೆದಳು. ಆ ವಾಸನೆಗೆ ಊರಿನ ಒಂದು ಮಧ್ಯಾಹ್ನ ನೆನಪಾಯಿತು.

ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಅವರ ಗೆಳೆಯನೆಂದು ಒಬ್ಬ ಮನೆಗೆ ಬಂದ. "ಅವರು ಆಸ್ಪತ್ರೆಯಲ್ಲಿದ್ದಾರೆ ಅಕ್ಕಾ. ನಿಮ್ಮ ಚಿನ್ನದ ಬಳೆ ತರಲಿಕ್ಕೆ ಹೇಳಿದ್ದಾರೆ."

ಅಮ್ಮನ ಮುಖ ಬಿಳಿಚಿತು. ಆದರೂ ಪದ್ಧತಿಯಂತೆ ಬೆಲ್ಲ, ನೀರು ತಂದಿಟ್ಟಳು.

"ಅವರನ್ನು ನಮ್ಮ ಅತ್ತೆ ಎಂತ ಹೇಳಿ ಕರೆಯುವುದು, ಹೇಳಿ ನೋಡುವ?"

ಅವನು ತಡವರಿಸಿದ. ನನಗೋ ಉತ್ತರ ಗೊತ್ತಿದ್ದ ಸಂಭ್ರಮ. "ಕುಂಞಣ್ಣ!" ಎಂದು ಕೂಗಿಬಿಟ್ಟೆ.

"ಹಾಂ, ಕುಂಞಣ್ಣನೇ ಕಳಿಸಿದ್ದು ಅಕ್ಕಾ."

ಅಮ್ಮ ನನ್ನನ್ನು ಗದರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಕೇಳಿದಳು: "ಅವರ ಕುಂಟು ಕಾಲು ಈಗ ಹೇಗುಂಟು?"

"ಪಾಪ, ಇನ್ನೂ ಕುಂಟುತ್ತಾರೆ."

"ಹಾಗಾದರೆ ನೀರು ಕುಡಿದು ಹೊರಡಿ ಮಾರಾಯ್ರೆ. ನನ್ನ ಗಂಡನ ಎರಡು ಕಾಲೂ ಸರಿಯೇ ಉಂಟು!"

ಅವನು ಬೆಲ್ಲ ಮುಟ್ಟದೆ ಅಂಗಳ ದಾಟಿದ. ಅಮ್ಮ ಅದೇ ತುಂಡನ್ನು ನನ್ನ ಬಾಯಿಗಿಟ್ಟಳು. "ಕೇಳಿದ್ದು ನಿನ್ನನ್ನಲ್ಲ ಮಗಾ."

ಕೋಡ್ ಹೇಳಲು ತೆರೆದ ಬಾಯಿ ಮುಚ್ಚಿದೆ. ಆಮೇಲೆ ಫೋನಿನವನನ್ನು ವಿಚಾರಿಸಿದೆ: "ಸ್ಯಾಂಡ್‌ವಿಕೆನ್ ಶಾಖೆಯ ನನ್ನ ಖಾತೆ ಹೇಗಿದೆ?"

"ಅದೂ ಅಪಾಯದಲ್ಲಿದೆ" ಎಂದ.

ಸ್ಯಾಂಡ್‌ವಿಕೆನ್‌ನಲ್ಲಿ ನಾನು ಕಾಲೇ ಇಟ್ಟವನಲ್ಲ.