ಭಂಗಿಯ ಲೋಟ

ಭರಮಪ್ಪ ಸಾರಾಯಿ ಅಂಗಡಿಯಲ್ಲಿ ಬಿದ್ದುಕೊಂಡಿದ್ದ ದಿನವೇ ಅವನ ಆರು ವರ್ಷದ ಮಗಳು ಕಾಲುವೆಗೆ ಬಿದ್ದು ಸತ್ತಿದ್ದಳು. ಅಪ್ಪನನ್ನು ಹುಡುಕಿಕೊಂಡು ಹುಡುಗಿ ತಾನಾಗಿಯೇ ಹೊರಟಿದ್ದಳೆಂದು ಊರೆಲ್ಲ ಹೇಳಿತು. ಅಂದಿನಿಂದ ಅವನು ಸಾರಾಯಿ ಮುಟ್ಟಲಿಲ್ಲ. ಕೈನಡುಕ ತಾಳಲಾರದೆ ಒದ್ದಾಡುತ್ತಿದ್ದಾಗ ಮಠದ ಮುದುಕನೊಬ್ಬ ಭಂಗಿಸೊಪ್ಪು ಅರೆದು, ಹಾಲಿನಲ್ಲಿ ಕದಡಿ ಕುಡಿಸಿದ. ಆಮೇಲೆ ದಿನಾ ಸಂಜೆ ಒಂದು ಲೋಟ ಭಂಗಿ ರೂಢಿಯಾಯಿತು.

ಬೈಗುಳ ನಿಂತಿತು, ಹೊಡೆತವೂ ನಿಂತಿತು. ಹೆಂಡತಿ ಕಲ್ಲವ್ವ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ಆದರೆ ಭಂಗಿ ಕುಡಿದಾಗಲೆಲ್ಲ ಅವನು ಹೊಸ್ತಿಲ ಕಡೆ ನೋಡುತ್ತ ಸತ್ತ ಮಗಳೊಡನೆ ಮಾತಾಡತೊಡಗಿದ. ಒಂದು ಸಂಜೆ ಕಲ್ಲವ್ವ ಅವನೆದುರು ಕೈಮುಗಿದಳು.

"ನಿಮ್ಮ ಕಾಲು ಬೀಳ್ತೀನ್ರಿ. ಬೇಕಾದ್ರ ಸಾರಾಯಿನ ಕುಡೀರಿ, ನನ್ನ ಹೊಡೀರಿ. ಇದೊಂದು ಬಿಡ್ರಿ."

"ಯಾಕ ಬಿಡ್ಲಿ? ಆಕಿಗೆ ನನ್ನ ಮ್ಯಾಲ ಸಿಟ್ಟಿಲ್ಲ."

"ಮತ್ತ... ಏನಂತಾಳ?"

ಭರಮಪ್ಪ ಹೊಸ್ತಿಲ ಕಡೆಗೊಮ್ಮೆ ಕಿವಿಗೊಟ್ಟು, ನಿಧಾನವಾಗಿ ಹೆಂಡತಿಯತ್ತ ತಿರುಗಿದ.

"'ನಂಗ ಅಂಜಿಕಿ ಬರ್ತೇತಿ, ನಾ ಒಲ್ಲೆ ಅಂದ್ರೂ, ಅಪ್ಪನ್ನ ಕರಕೊಂಡು ಬಾ ಅಂತ ಅವ್ವ ನನ್ನ ಯಾಕ ಕಳಿಸಿದ್ಲು?' ಅಂತ ಕೇಳ್ತಾಳ."