ಎಡಗಣ್ಣಿನ ಕಿಟಕಿ

ಹೊಲಿಗೆಯಜ್ಜಿಯ ಕೋಣೆಗಿದ್ದ ಒಂದೇ ಒಂದು ಕಿಟಕಿಯನ್ನು ಅವಳನ್ನು ಕೇಳದೆ ಹೊರಗಿನಿಂದ ಹಲಗೆ ಬಡಿದು ಮುಚ್ಚಿದರು. ಬೀದಿಯನ್ನು ಚಂದಗಾಣಿಸಲು ನಗರಸಭೆಯವರು ಅಲ್ಲಿನ ಜನರ ಮುಖದ ಫೋಟೋಗಳನ್ನು ಮೂರು ಮಹಡಿ ಎತ್ತರಕ್ಕೆ ಹಿಗ್ಗಿಸಿ, ಅವರವರ ಮನೆಗೋಡೆಗಳ ಮೇಲೆ ಹಾಳೆ ಹಾಳೆಯಾಗಿ ಅಂಟಿಸುತ್ತಿದ್ದರು. ಅಜ್ಜಿಯ ಎಡಗಣ್ಣು ಬರಬೇಕಾದ ಜಾಗದಲ್ಲೇ ಆ ಕಿಟಕಿಯಿತ್ತು.

ಅಟ್ಟಣಿಗೆಯ ಮೇಲೆ ನಿಂತು ಫೋಟೋ ಅಂಟಿಸುತ್ತಿದ್ದವನು ಅದೇ ಬೀದಿಯವನು. ಕೊನೆಯ ಹಾಳೆ, ಆ ಎಡಗಣ್ಣಿನದು, ಕೈಯಲ್ಲಿತ್ತು. ಹಲಗೆಯ ಹಿಂದಿನಿಂದ ದನಿ ಬಂತು: "ತಮ್ಮಾ, ನನ್ನ ಮೋರೆ ಊರಗಲ ಮಾಡಿದ್ರಿ, ಸಂತೋಷ. ಸೂಜಿಗೆ ದಾರ ಪೋಣಿಸೋಕೆ ಬೆಳಕೇ ಇಲ್ವಲ್ಲೋ! ಕಾಡಿಗೆ ಹಚ್ಚೋಕೆ ಬಂದು ಕಣ್ಣೇ ತಿವಿದ್ರಾ?"

ಅವನಿಗೆ ನಗು ಬಂತು, ಮರುಗಳಿಗೆಯೇ ನಿಂತಿತು. ಅವನ ಅಂಗಿಯ ಮೊಣಕೈಯಲ್ಲಿ ಅವಳು ಹಾಕಿದ ತೇಪೆಯಿತ್ತು. ಹುಡುಕಿದರೂ ಸಿಗದಷ್ಟು ಸಣ್ಣ ಹೊಲಿಗೆ. ಹಾಳೆ ಬದಿಗಿಟ್ಟು, ಒಂದೊಂದೇ ಮೊಳೆ ಕಿತ್ತು ಹಲಗೆ ತೆಗೆದ. ಬಿಸಿಲು ಒಳಗೆ ಬಿತ್ತು. ಅಜ್ಜಿ ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೇ ಏಟಿಗೆ ಪೋಣಿಸಿದಳು.

"ಏಯ್, ಹಲಗೆ ಹಾಕಿ ಹಾಳೆ ಅಂಟಿಸಯ್ಯಾ!" ಕೆಳಗಿನಿಂದ ಮೇಲ್ವಿಚಾರಕ ಕೂಗಿದ. "ಮುದುಕಿ ಒಕ್ಕಣ್ಣಿ ಥರ ಕಾಣ್ತಾಳೆ!"

ಅವನು ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಅಂಟಿಸಲ್ಲ ಸಾರ್. ಆ ಕಣ್ಣು ಒಳಗೆ ಕೆಲಸ ಮಾಡ್ತಿದೆ."